ಮಂಗಳವಾರದ ಒಪ್ಪತ್ತು

ಸಂಜೆ ಸರಿಯಾಗಿ ಆರಕ್ಕೆ ಅಧ್ಯಕ್ಷ ಷಡಕ್ಷರಪ್ಪನವರು ಮೇಜಿನ ಮೇಲಿದ್ದ ಹಿತ್ತಾಳೆ ಗಂಟೆ ಬಾರಿಸಿ, "ಸೇವಾ ಸಂಘದ ಎಲ್ಲ ಸದಸ್ಯರಿಗೂ ಈ ವಾರದ ಸಭೆಗೆ ಸ್ವಾಗತ" ಎಂದರು. ಎಲ್ಲ ಸದಸ್ಯರೆಂದರೆ ಪಕ್ಕದಲ್ಲಿ ಕೂತಿದ್ದ ಕಾರ್ಯದರ್ಶಿ ಸುಮತಿಕುಮಾರ ಒಬ್ಬನೇ. ಎದುರಿಗೆ ಸಾಲಾಗಿ ಹಾಕಿದ್ದ ಹದಿನೆಂಟು ಕುರ್ಚಿಗಳೂ ಖಾಲಿ. ಅರಸೀಕೆರೆಯಲ್ಲಿ ಕೊಬ್ಬರಿ ಹರಾಜಿನ ದಿನ ಕಾಲಿಡಲು ಜಾಗವಿರುವುದಿಲ್ಲ. ಸಂಘದ ಸಭೆಯೆಂದರೆ ಮಾತ್ರ ಊರಿಗೆ ಊರೇ ನೆಗಡಿ!

ಸುಮತಿಕುಮಾರನ ಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು. ಎಪ್ಪತ್ತನೇ ಇಸವಿಯಲ್ಲಿ ಒಂದು ವರ್ಷದ ಮಟ್ಟಿಗೆಂದು ಕಾರ್ಯದರ್ಶಿಯಾದವನು, ಎಪ್ಪತ್ತೊಂಬತ್ತನೇ ಇಸವಿ ಬಂದರೂ ಅದೇ ಕುರ್ಚಿಯಲ್ಲಿದ್ದ. ಪ್ರತಿ ಮಂಗಳವಾರ ಪಾತ್ರೆ ಅಂಗಡಿಯಿಂದ ನೇರ ಬಂದು ಬೀಗ ತೆಗೆದು, ಕುರ್ಚಿ ಒರೆಸಿ, ಸಭೆ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವನ ಜೈನ ಮನೆತನದಲ್ಲಿ ಯಾರೂ ಉಣ್ಣುವುದಿಲ್ಲ. "ನಿಮ್ಮ ಪಾಲಿನದ್ದು ತಿಂದು ತಿಂದು ಬೀದಿ ಹಸು ಊದ್ಕೊಂಡಿದೆ" ಎಂದು ಹೆಂಡತಿ ರತ್ನಪ್ರಭಾ ಹಂಗಿಸುತ್ತಿದ್ದಳು. ಸಾಕಾಗಿಹೋಗಿ ಅವನು ಮೂರು ವಾರದ ಹಿಂದೆಯೇ ಪತ್ರ ಕೊಟ್ಟಿದ್ದ. "ಅಂಗೀಕಾರ ಮಾಡೋಕೆ ಏಳು ಜನ ಹಾಜರಿರಬೇಕು ಕಣ್ರೀ. ನಿಯಮ ಬರೆದೋರು ನೀವೇ ಅಲ್ವಾ?" ಎಂದು ಷಡಕ್ಷರಪ್ಪನವರು ಅದನ್ನು ಹಾಗೇ ವಾಪಸು ಕೊಟ್ಟಿದ್ದರು.

ಹೋದ ವಾರದ ನಡಾವಳಿ ಓದಲು ಅವನು ಎದ್ದು ನಿಂತಾಗ, ಬಾಗಿಲ ಬಳಿ ಗೋಡೆ ಸವರಿಕೊಂಡು ಒಬ್ಬ ಮುದುಕಿ ಒಳಗೆ ಬಂದಳು. ಗಂಡಸಿ ಊರಿನ ಸಣ್ಣತಾಯಮ್ಮ. ಸಂಘದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆಸಿಕೊಂಡವಳು.

"ಸಾವ್ಕಾರ್ರೇ, ನನ್ ಕನ್ನಡ್ಕ ಬಂದೈತಾ?"

"ಬಂದಿದೆ ಕಣಮ್ಮ. ಆದ್ರೆ..." ಎಂದ ಸುಮತಿಕುಮಾರ.

"ಮೂರು ಮಂಗ್ಳವಾರದಿಂದ್ಲೂ ಆದ್ರೆ ಅಂತ್ಲೇ ಅಂತಿದೀರ."

ಷಡಕ್ಷರಪ್ಪನವರು ಗಂಟಲು ಸರಿಮಾಡಿಕೊಂಡರು. "ಮುಂದಿನ ತಿಂಗಳು ಹಾಸನದಿಂದ ದೊಡ್ಡೋರು ಬರ್ತಾರಮ್ಮ. ಅವರ ಕೈಯಿಂದ್ಲೇ ಕೊಡಿಸಬೇಕು ಅಂತ ಠರಾವಾಗಿದೆ. ಈಗ್ಲೇ ಹಂಚಿಬಿಟ್ರೆ ಅವತ್ತು ಅವರು ಸ್ಟೇಜ್ ಮೇಲೆ ಏನು ಹಂಚ್ತಾರೆ, ನನ್ನ ತಲೇನಾ?" ಅವರ ದನಿಯಲ್ಲೂ ಗತ್ತಿರಲಿಲ್ಲ. ಬೇರೆ ಯಾರೂ ಒಪ್ಪದೆ ಮೂರನೆಯ ಸಲ ಅಧ್ಯಕ್ಷರಾದವರು ಅವರು. ಆ ಅತಿಥಿಗಳು ಈಗಾಗಲೇ ಎರಡು ಸಲ ದಿನ ಮುಂದೂಡಿದ್ದರು.

ಸಣ್ಣತಾಯಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನನ್ ಮಗ್ಳು ಬಿಕ್ಕೋಡಿನ ಕಡೆ ಕಾಫಿ ತೋಟಕ್ಕೆ ಕೂಲಿಗೆ ಹೋಗವ್ಳೆ. ಅವಳ ಕೂಸು ನನ್ ತಾವ ಐತೆ, ಈಗ ಪಕ್ಕದ ಮನೇಲಿ ಬಿಟ್ಟು ಬಂದಿವ್ನಿ. ಈಗ ತಾನೆ ಹೆಜ್ಜೆ ಇಡಕ್ಕೆ ಕಲ್ತೈತೆ. ನಂಗೆ ಎಲ್ಲಾ ಮಂಜು ಮಂಜು. ಮೊನ್ನೆ ಉರಿಯೋ ಒಲೆ ತಾವ ಹೋಗಿತ್ತು, ಪಕ್ಕದ ಮನೆಯೋಳು ಕೂಗ್ಕೊಂಡ ಮ್ಯಾಲೆ ಗೊತ್ತಾಯ್ತು. ಅವತ್ತಿಂದ ಸೀರೆ ಹರಿದು ಅದನ್ನ ಕಂಬಕ್ಕೆ ಕಟ್ಟಾಕ್ತೀನಿ. ದನ ಕಟ್ಟಿದಂಗೆ."

ಸುಮತಿಕುಮಾರನಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ನಡಾವಳಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ಹೋಗಿ ಬೀರುವಿನ ಬಾಗಿಲು ತೆಗೆದ.

"ರೀ ಸುಮತಿ, ಠರಾವು ಕಣ್ರೀ!"

"ಠರಾವು ಬದಲಾಯಿಸೋಕೂ ಏಳು ಜನ, ನನ್ನ ಬಿಡುಗಡೆ ಮಾಡೋಕೂ ಏಳು ಜನ. ಆ ಏಳು ಜನ ಬರೋ ಹೊತ್ತಿಗೆ ಈಯಮ್ಮನ ಮೊಮ್ಮಗು ಮದುವೆಗೆ ಬಂದಿರುತ್ತೆ!" ಕನ್ನಡಕದ ಡಬ್ಬಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ನೋಡಿ, ಅವಳ ಹೆಸರಿದ್ದದ್ದನ್ನು ಹುಡುಕಿ ತೆಗೆದ.

ಷಡಕ್ಷರಪ್ಪನವರು ನಿಧಾನವಾಗಿ ಕಿಟಕಿಯ ಕಡೆ ತಿರುಗಿ ಕೂತರು. "ನಾನೇನೂ ನೋಡ್ಲಿಲ್ಲಪ್ಪ" ಎಂದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಅವತ್ತು ಬಂದು ಸ್ಟೇಜ್ ಮೇಲೆ ಇನ್ನೊಂದ್ಸಲ ಇಸ್ಕೊಳ್ಳಮ್ಮ, ನಿನ್ನ ದಮ್ಮಯ್ಯ. ನಮ್ಮ ಮರ್ಯಾದೆ ಉಳಿಸು" ಎಂದು ಸೇರಿಸಿದರು.

ಸೋಡಾ ಬಾಟಲಿಯ ತಳದಷ್ಟು ದಪ್ಪದ ಗಾಜು. ಸುಮತಿಕುಮಾರನೇ ಅದನ್ನು ಅವಳ ಕಿವಿಗೆ ಸಿಗಿಸಿದ. ಸಣ್ಣತಾಯಮ್ಮ ಮೊದಲು ತನ್ನ ಕೈಬೆರಳುಗಳನ್ನು ನೋಡಿಕೊಂಡಳು. ಉರಿಯುತ್ತಿದ್ದ ಬಲ್ಬು ನೋಡಿದಳು. "ಅಯ್ಯೋ ನಮ್ಮಪ್ಪಾ, ಎಲ್ಲಾ ಕಾಣ್ತೈತೆ!" ಎಂದು ನಕ್ಕಳು, ಕಣ್ಣಲ್ಲಿ ನೀರು ಬಂತು. ಆಮೇಲೆ ಅವನ ಮುಖವನ್ನೇ ದಿಟ್ಟಿಸಿದಳು.

"ಶಿಬಿರದಲ್ಲಿ ಕೈ ಹಿಡ್ಕೊಂಡು ನನ್ನ ಹಾಸಿಗೇಗೆ ಬಿಟ್ಟೋನು ನೀನೇ ತಾನೆ? ದನಿ ಕೇಳಿ ಒಳ್ಳೆ ಆಳು ಇರಬೇಕು ಅಂದ್ಕೊಂಡಿದ್ದೆ. ಇದೇನಪ್ಪಾ ಹಿಂಗೆ ಸೊರಗಿದ್ದೀಯ? ಉಂಡಿಲ್ವಾ?"

ಒಂಬತ್ತು ವರ್ಷದಲ್ಲಿ ಈ ಕೋಣೆಯೊಳಗೆ ಯಾರೂ ಅವನನ್ನು ಕೇಳದಿದ್ದ ಮಾತು. ಕಿಟಕಿಯಾಚೆ ಕತ್ತಲಾಗುತ್ತಿತ್ತು.

"ಮಂಗಳವಾರ ರಾತ್ರಿ ನಾನು ಉಣ್ಣಲ್ಲಮ್ಮ."

"ಓ, ಒಪ್ಪತ್ತಾ!" ಸಣ್ಣತಾಯಮ್ಮ ಭಕ್ತಿಯಿಂದ ಕೈ ಮುಗಿದಳು. "ಯಾವ ದೇವ್ರಿಗಪ್ಪಾ?"

ಸುಮತಿಕುಮಾರ ಕುರ್ಚಿಗಳ ಕಡೆ ನೋಡಿದ. ಹದಿನೆಂಟೂ ಅವನ ಕಡೆಗೇ ಮುಖ ಮಾಡಿಕೊಂಡಿದ್ದವು.