ಎಂಜಿನ್ ಬಿಡಿಸದ ಗಾಡಿ

"ಅಕ್ಕಾ, ಹೊರಗ ಬರ್ರಿ!" ಎಂದು ಕೂಗುತ್ತ ಓಡಿ ಬಂದ ಹಳಿ ಕಾಯುವ ನರಸಿಂಗ, ನಿಂತಿದ್ದ ಗೂಡ್ಸ್ ಗಾಡಿಯ ಕೆಳಗೆ ನುಸುಳಿದ್ದ ಮೀರಾಬಾಯಿಯ ರಟ್ಟೆ ಹಿಡಿದು ಎಳೆದ. ಮರುಕ್ಷಣವೇ ಗಾಡಿ ಕದಲಿತು. ಹಳಿಯ ಮೇಲೆ ಉಳಿದಿದ್ದ ಅವಳ ಬುತ್ತಿಯ ಡಬ್ಬಿಯನ್ನು ಗಾಲಿಗಳು ತಗಡು ಮಾಡಿ ಮುಂದೆ ಸಾಗಿದವು.

ಹುಮನಾಬಾದಿನ ಕಾರ್ಖಾನೆಗಳಿಗೆ ಹೋಗುವ, ಹಳಿಯ ಪಕ್ಕದ ಅವಳ ಓಣಿಯ ಹೆಂಗಸರು ವರ್ಷಗಳಿಂದ ಹೀಗೆಯೇ ದಾಟುತ್ತಿದ್ದರು. ಗಾಡಿಯ ದಿಕ್ಕು ಬದಲಿಸಲು ಎಂಜಿನ್ ಬಿಡಿಸಿ ಇನ್ನೊಂದು ತುದಿಗೆ ಜೋಡಿಸುವವರೆಗೆ ಅದು ಒಂದು ತಾಸು ಕದಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

"ತಾಸಗಟ್ಟಲೆ ನಿಂದ್ರೋ ಗಾಡಿ, ಇವತ್ತ ಇದಕ್ಕ ಯಾರ ಲಗ್ನದ ಅವಸರ?" ಮೀರಾಬಾಯಿ ಕೇಳಿದಳು.

"ಗಾಡಿ ದಿಕ್ಕ ಬದಲಸೂದ ಬ್ಯಾಡಂತ ಹೊಸ ಹಳಿ ಕೂಡಿಸ್ಯಾರ್ರಿ. ಇನ್ನ ಎಂಜಿನ್ ಬಿಡಸಂಗಿಲ್ಲ, ಸಿಗ್ನಲ್ ಸಿಕ್ಕರ ಸೀದಾ ಹೋಗ್ತದ. ಸ್ಟೇಶನ್ನಾಗ ನೋಟೀಸ್ ಹಚ್ಚ್ಯಾರ, ನೋಡಿಲ್ಲೇನ್ರಿ?"

"ನಾವು ಸ್ಟೇಶನ್ನಿಗೆ ಯಾವಾಗ ಬರ್ತೀವಪ್ಪಾ? ಹಚ್ಚಿದವ್ರು ಈ ಕಡಿ ಬಂದು ಒಂದ ಮಾತ ಹೇಳಿದ್ರ ಅವರ ನಾಲಿಗಿ ಸವೀತಿತ್ತೇನು?"

ಹಳಿಯ ಎರಡೂ ಬದಿಯ ಜನರಿಗೆ ತಿಳಿಸಿ ಬಾ ಎಂದು ಸ್ಟೇಶನ್ನಿನವರು ಆ ನೋಟೀಸನ್ನು ನರಸಿಂಗನ ಕೈಗೇ ಕೊಟ್ಟಿದ್ದರು. ತಿಳಿಸುವುದೆಂದರೆ ತಿಳಿಯಬೇಕಾದವರ ಕಿವಿಗೆ ಮುಟ್ಟಿಸುವುದು. ಅವನು ಗೋಡೆಗೆ ಮುಟ್ಟಿಸಿ ಕೈ ತೊಳೆದುಕೊಂಡಿದ್ದ.

ಗಾಡಿ ದಾಟಿದ ಮೇಲೆ ಅವನು ಬಗ್ಗಿ ಆ ತಗಡನ್ನು ಎತ್ತಿಕೊಂಡ. "ಹಚ್ಚಿದವ ನಾನೇ, ಅಕ್ಕಾ" ಎಂದವನೇ ಅವಳ ಓಣಿಗೆ ನಡೆದು, ಮೊದಲ ಮನೆಯ ಬಾಗಿಲು ಬಡಿದ.