ಗೋಲಿನ ಹಿಂದಿನ ಕುರ್ಚಿ

ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಮಂಜುಗಡ್ಡೆಯ ಅಂಕಣದಲ್ಲಿ ಐಸ್ ಹಾಕಿ ಪಂದ್ಯ. ಊರಿನ ತಂಡ ಹುಟ್ಟಿ ಮೂರು ವರ್ಷವಾಗಿತ್ತು, ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಬರುವ ಅಷ್ಟಿಷ್ಟು ಜನ ತಂಪಿಗೆಂದು ಬಂದು, ಕೂತಲ್ಲೇ ತೂಕಡಿಸುತ್ತಿದ್ದರು.

ಮಂಕಿ ಕ್ಯಾಪ್ ಹಾಕಿದ ಅಜ್ಜಿಯೊಬ್ಬಳು ಮಾತ್ರ ರೆಪ್ಪೆ ಮುಚ್ಚುತ್ತಿರಲಿಲ್ಲ. ನಮ್ಮ ಗೋಲ್‌ಕೀಪರ್‌ನ ಬೆನ್ನ ಹಿಂದೆಯೇ ಅವಳ ಜಾಗ. ಆಟದ ನಡುವೆ ತಂಡಗಳು ಬದಿ ಬದಲಿಸಿದರೆ, ಅವಳೂ ಫ್ಲಾಸ್ಕು, ದಿಂಬು ಎತ್ತಿಕೊಂಡು ಕುಂಟುತ್ತಾ ಆ ತುದಿಗೆ ಬಂದು ಮತ್ತೆ ಅವನ ಹಿಂದೆ ಕೂರುತ್ತಿದ್ದಳು. ಅವಳೊಬ್ಬಳಿಗಾಗಿ ಅವನು ಎರಡು ಸಲ ರಾಜೀನಾಮೆ ಬರೆದು ಹರಿದಿದ್ದ.

ಇವತ್ತು ಒಂಬತ್ತು ಗೋಲು ಬಿದ್ದವು. ಬಟ್ಟೆ ಬದಲಿಸಿ, ಮೂರನೆಯ ರಾಜೀನಾಮೆ ಜೇಬಿಗಿಟ್ಟುಕೊಂಡು ಅವನು ಅಜ್ಜಿಯ ಹತ್ತಿರ ಹೋದ.

"ಸಾಕಾಗಿದೆ ಅಜ್ಜಿ. ಬಿಟ್ಟುಬಿಡೋಣ ಅಂತಿದ್ದೀನಿ."

"ಅಯ್ಯೋ, ಬೇಡ ಕಣಪ್ಪಾ! ನೀನು ಹೋದ್ರೆ ನಾನ್ಯಾಕೆ ಬರಲಿ?"

ಅವನು ಜೇಬಿನೊಳಗೇ ಕಾಗದವನ್ನು ಮುದುರಿದ.

"ನನ್ನಲ್ಲಿ ಅಂಥಾದ್ದು ಏನು ಕಂಡ್ರಿ ಅಜ್ಜಿ, ಯಾವಾಗಲೂ ನನ್ನ ಹಿಂದೆಯೇ ಕೂರೋಕೆ?"

ಅಜ್ಜಿ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವನ ಕೈಗಿಟ್ಟಳು.

"ಕಣ್ಣು ಮಂಜು ಕಣಪ್ಪಾ, ದೂರದ್ದು ಕಾಣಲ್ಲ. ಗೋಲೆಲ್ಲಾ ಬೀಳೋದು ಇಲ್ಲೇ ಅಲ್ವಾ?"