ನೇರ ಕೆಳಗೆ

ಬಟ್ಟೆಗೆ ಹಾಕುವ ಬಣ್ಣದ ಘಾಟು ಮೂಗಿಗೆ ಬಡಿದರೆ ಈಗಲೂ ಸೂರತ್ತಿನ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಬೆಳಿಗ್ಗೆ ನಾನು ಮೊಬೈಲಿನಲ್ಲಿ ಆಡುತ್ತಿದ್ದ, ನೆಲ ಅಗೆಯುವ ಬ್ಲಾಕ್ ಗೇಮನ್ನು ಅಪ್ಪ ನೋಡುತ್ತಾ ಕೂತಿದ್ದರು. ನೇರ ಕೆಳಗೆ ಅಗೆದರೆ ವಜ್ರ ಬೇಗ ಸಿಗುತ್ತದೆಂದು ನನ್ನ ವಾದ.

“ಅಡ್ಡಕ್ಕೆ ಸುರಂಗ ಕೊರಿ. ತಡ ಆದ್ರೂ ವಾಪಸ್ ಬರಬೋದು. ಕಾಲಡಿ ಅಗೆದ್ರೆ ಕೆಳಗೇನಿದೆ ಅಂತ ಕಾಣಲ್ಲ,” ಎಂದು ಹೇಳಿ ಪಾಂಡೇಸರಾದ ಡೈಯಿಂಗ್ ಮಿಲ್ಲಿಗೆ ಹೊರಟರು.

ಮಧ್ಯಾಹ್ನ ಮಿಲ್ಲಿನಿಂದ ಫೋನ್ ಬಂತು. ಅಮ್ಮನಿಗೆ ಗುಜರಾತಿ ಬಾರದು, ನಾನೇ ಎತ್ತಿಕೊಂಡೆ.

“ಏನಂತೆ?” ಎಂದಳು ಅಮ್ಮ.

“ಅಪ್ಪ ಬಣ್ಣದ ನೀರಿನ ಟ್ಯಾಂಕ್ ಕ್ಲೀನ್ ಮಾಡ್ಸೋಕೆ ಒಳಗೆ ಇಳಿದಿದ್ರಂತೆ. ಈಗ ಆಫ್ ಆಗಿಬಿಟ್ರಂತೆ.”

‘ಆಫ್ ಥೈ ಗಯಾ’ ಅಂದಿದ್ದ ಫೋನ್ ಮಾಡಿದಾತ. ಅಲ್ಲಿ ಸಾವಿಗೆ ಹಾಗನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ.

“ಡ್ಯೂಟಿ ಬೇಗ ಮುಗೀತೇನೋ,” ಎಂದ ಅಮ್ಮ ಇನ್ನರ್ಧ ಪಾವು ಅಕ್ಕಿ ತೊಳೆದಳು.